ಮಣೂಕ ಒಣಗುವ ಹೊತ್ತು

ಮಾರ್ಚ್ 31, 2025, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಮಜಾನ್. ಅರ್ಧಕ್ಕರ್ಧ ಆಳುಗಳಿಲ್ಲ. ಕೊಯ್ಲು ನಿಲ್ಲಿಸಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಕೆಲಸ ಮಾತ್ರ ನೋಡಿಕೊಂಡೆವು. ಮಧ್ಯಾಹ್ನ ಆಳುಗಳ ಮುಕಾದಮ ಡಬ್ಬಿ ತುಂಬ ಶೀರ್ ಖುರ್ಮಾ ತಂದುಕೊಟ್ಟ. ಅದರಲ್ಲಿ ನಮ್ಮದೇ ಮಣೂಕ ಹಾಕಿದ್ದಾರಂತೆ. ಹೋಳಿಗೆ ಉಳಿದಿತ್ತು, ಕಟ್ಟಿ ಕೊಟ್ಟೆ.

ಹೊತ್ತು ಮುಳುಗುವಾಗ ಮಗಳು ಧಾರವಾಡದಿಂದ ಹವಾಮಾನ ಇಲಾಖೆಯ ಬೇಸಿಗೆ ಮುನ್ನೋಟ ಫೋನಿಗೆ ಕಳಿಸಿದಳು. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಬಹುಪಾಲು ಕಡೆ ಹಗಲಿನ ಬಿಸಿಯೂ ರಾತ್ರಿಯ ಬಿಸಿಯೂ ವಾಡಿಕೆಗಿಂತ ಹೆಚ್ಚು. ಈ ಮೂರು ತಿಂಗಳಲ್ಲಿ ಸಾಮಾನ್ಯವಾಗಿ 4ರಿಂದ 7 ದಿನ ಬಿಸಿಗಾಳಿ ಇರುತ್ತದೆ. ಈ ಸಲ ಅನೇಕ ಕಡೆ ಇನ್ನೂ ಎರಡರಿಂದ ನಾಲ್ಕು ದಿನ ಜಾಸ್ತಿಯಾಗಬಹುದು. ಹೆಚ್ಚು ಬಿಸಿಗಾಳಿ ಕಾಣುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಉತ್ತರ ಭಾಗದ ಹೆಸರೂ ಇದೆ.

ಭಾವನವರಿಗೆ ಓದಿ ಹೇಳಿದೆ. "ಚಲೋ ಆತು ಬಿಡವಾ. ಬಿಸ್ಲು ಜಾಸ್ತಿ ಅಂದ್ರ ಮಣೂಕ ಲಗೂ ಒಣಗ್ತಾವ" ಅಂದರು. ಟಿವಿಯವರು ಅದೇ ಸುದ್ದಿಗೆ ನಕಾಶೆಯ ತುಂಬ ಬೆಂಕಿ ಹಚ್ಚಿ ತೋರಿಸುತ್ತಿದ್ದರು. ಊರಿಗೆಲ್ಲ ಸಂಕಟದ ಸುದ್ದಿ ಶೆಡ್ಡಿಗೆ ಮಾತ್ರ ಸಿಹಿ ಸುದ್ದಿ ಅಂತ ಭಾವನ ಲೆಕ್ಕ. ನನಗೆ ಅಷ್ಟು ಧೈರ್ಯ ಸಾಲದು. ಮುನ್ನೋಟದ ಇಡೀ ಹಾಳೆ ಹುಡುಕಿದರೂ ತೇವಾಂಶದ ಮಾತಿಲ್ಲ. ಬಿಸಿಲಿನ ಝಳಕ್ಕಿಂತ ಒಣ ಗಾಳಿಯೇ ದ್ರಾಕ್ಷಿಯನ್ನು ಹೆಚ್ಚು ಒಣಗಿಸುವುದು. ನೇರ ಬಿಸಿಲು ಬಿದ್ದರಂತೂ ಹಸಿರು ಮಣೂಕ ಕಂದಾಗುತ್ತದೆ; ಅದಕ್ಕೇ ಅಲ್ಲವೇ ಶೆಡ್ಡಿಗೆ ಮೇಲೆ ಹೊದಿಕೆ, ಬದಿಗೆ ನೆರಳು ಪರದೆ.

ಏಪ್ರಿಲ್ 1, ಮಂಗಳವಾರ

ಆಳುಗಳು ಮರಳಿದರು. ಹಿಂದಿನ ಪ್ಲಾಟಿನ ಕೊನೆಯ ಕೊಯ್ಲು. ಬೆಳಿಗ್ಗೆ ಆರಕ್ಕೆ ಕತ್ತರಿ ಹಿಡಿದರೆ ಹತ್ತೂವರೆಗೆ ಬಿಟ್ಟುಬಿಡಬೇಕು, ಆಮೇಲೆ ಕಾಯಿ ಮೆತ್ತಗಾಗುತ್ತದೆ.

ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಕ್ರೇಟಿನ ಸಮೇತ ಗೊಂಚಲು ಮುಳುಗಿಸಿ ಮೂರ್ನಾಲ್ಕು ನಿಮಿಷಕ್ಕೆ ಎತ್ತುವುದು. ಕಾಯಿಯ ಮೈಮೇಲಿನ ಮೇಣ ಸಡಿಲವಾಗಿ ಒಳಗಿನ ನೀರಿಗೆ ಹೊರಬರುವ ದಾರಿ ತೆರೆಯುತ್ತದೆ. ಹಾಗೇ ಹರವಿದರೆ ತಿಂಗಳು ಹಿಡಿಯುವ ಕೆಲಸ ಹನ್ನೆರಡು-ಹದಿನೈದು ದಿನಕ್ಕೆ ಮುಗಿಯುವುದು ಇದರಿಂದಲೇ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಂದು ಕಿಲೋ ಮಣೂಕವಾಗಬೇಕೆಂದರೆ ಮೂರು ಕಿಲೋ ನೀರು ಗಾಳಿಗೆ ಹೋಗಬೇಕು. ಅಷ್ಟು ನೀರನ್ನು ಹೀರಿಕೊಳ್ಳುವ ಹಸಿವು ಆ ಗಾಳಿಗೆ ಇರಬೇಕು. ನಮ್ಮ ಇಡೀ ಧಂದೆ ನಿಂತಿರುವುದು ಆ ಹಸಿವಿನ ಮೇಲೆ.

ಗಾಳಿಯ ತೇವಾಂಶದ ಮೀಟರು ಮಧ್ಯಾಹ್ನ ಶೇ 24 ತೋರಿಸಿತು. ಇದಕ್ಕಿಂತ ಬೇರೇನು ಬೇಕು!

ಏಪ್ರಿಲ್ 3, ಗುರುವಾರ

ರಾತ್ರಿ ಹನ್ನೊಂದಾಯಿತು. ಕರೆಂಟಿಲ್ಲ, ಟಾರ್ಚ್ ಹಿಡಿದು ಬರೆಯುತ್ತಿದ್ದೇನೆ.

ಬೆಳಿಗ್ಗೆಯೇ ಮೀಟರು 62ಕ್ಕೆ ಏರಿತ್ತು. ಬೆವರು ಕುಪ್ಪಸಕ್ಕೆ ಅಂಟಿ ಆರಲೇ ಇಲ್ಲ. ಅತ್ತೆ ಕಟ್ಟೆಯ ಮೇಲೆ ಕೂತು ಬೀಸಣಿಗೆ ಆಡಿಸುತ್ತ "ಹಸಿ ಹವಾ ಐತಿ, ಸಂಜಿಗೆ ಅಡ್ಡಮಳಿ ಬರತೈತಿ ನೋಡ" ಅಂದರು. ಮಗಳ ಫೋನ್ ಮಾತಿಗಿಂತ ಎರಡು ತಾಸು ಮುಂಚೆ! ಆಮೇಲೆ ಯೆಲ್ಲೋ ಅಲರ್ಟ್ ಬಂತು: ಗುಡುಗು ಮಿಂಚು, ಗಂಟೆಗೆ 40ರಿಂದ 50 ಕಿಲೋಮೀಟರ್ ಗಾಳಿ.

ಎರಡು ಗಂಟೆಗೆ ನೈರುತ್ಯದಲ್ಲಿ ಹೂಕೋಸಿನಂಥ ಮೋಡ ಎದ್ದವು. ನಾಲ್ಕಕ್ಕೆ ಅವುಗಳ ತಲೆ ಚಪ್ಪಟೆಯಾಗಿ ಹರಡಿತು. ತಾಡಪತ್ರಿ ಕಟ್ಟಲು ಎಲ್ಲರನ್ನೂ ಕರೆದೆ. ಪಶ್ಚಿಮದ ಬದಿ ಕಟ್ಟಿ ಮುಗಿದಿರಲಿಲ್ಲ, ಮಳೆಗಿಂತ ಮುಂಚೆ ಗಾಳಿ ಬಂತು. ಹೊಲದ ಮಣ್ಣೆಲ್ಲ ಎದ್ದು ಬಾಗಿಲ ಮುಂದಿನ ಬೇವಿನ ಮರ ಕಾಣದಾಯಿತು. ತಾಡಪತ್ರಿ ಕಣ್ಣು ಹರಿದುಕೊಂಡು ಹಾರಿತು. ಮುಕಾದಮ "ಅಕ್ಕಾರ, ಬಿಡ್ರಿ ಬಿಡ್ರಿ, ಕೈ ಮುರಕೋತೀರಿ" ಅಂತ ಕೂಗಿದ. ಬಿಟ್ಟೆ. ಇಪ್ಪತ್ತು ನಿಮಿಷ ಇಳಿಜಾರು ಮಳೆ. ಪಶ್ಚಿಮದ ಅಂಚಿನ ಜಾಲರಿ ಅಂತಸ್ತುಗಳು ನೆನೆದವು. ಧೂಳು ಬೇರೆ ಮೆತ್ತಿದೆ.

ಒಳಗಿನ ಸಾಲುಗಳು ಕ್ಷೇಮ. ನಾಳೆ ಬೆಳಗಾಗಲಿ.

ಏಪ್ರಿಲ್ 4, ಶುಕ್ರವಾರ

ಬಯಲುಸೀಮೆಯ ಈ ಗಾಳಿ ಮಳೆಗಿಂತ ಯಾಕೆ ಮುಂದೆ ಓಡಿಬರುತ್ತದೆ ಅಂತ ಮಗಳನ್ನು ಕೇಳಿದೆ. ಅವಳು ಪಾಠದ ಧಾಟಿಯಲ್ಲೇ ಹೇಳಿದಳು. ನೆಲದ ಬಿಸಿಗೂ ಗಾಳಿಯ ಇಬ್ಬನಿ ಬಿಂದುವಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ ಮೋಡದ ತಳ ಸುಮಾರು 125 ಮೀಟರ್ ಮೇಲೇರುತ್ತದೆ. ಬಿಸಿ 38 ಇದ್ದು ಇಬ್ಬನಿ ಬಿಂದು 18 ಇದ್ದರೆ ಅಂತರ 20, ಅಂದರೆ ಮೋಡದ ಅಡಿ ಎರಡೂವರೆ ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಿಂದ ಬೀಳುವ ಹನಿ ಕೆಳಗಿನ ಒಣ ಗಾಳಿಯಲ್ಲಿ ಅರ್ಧ ದಾರಿಗೇ ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಗಾಳಿಯ ಬಿಸಿ ಕಸಿಯುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಧಡಕ್ಕನೆ ಕೆಳಗಿಳಿದು ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಶೆಡ್ಡಿಗೆ ಮೊದಲು ಮುಟ್ಟುವುದು ಅದು. ನೆಲ ಒಣಗಿದ್ದಷ್ಟೂ ಗಾಳಿ ಜೋರು.

ಹಾಗಾದರೆ ಬಿಸಿಲು ಜಾಸ್ತಿ ಇರುವ ಬೇಸಿಗೆಯಲ್ಲಿ ಗಾಳಿಯ ಪೆಟ್ಟೂ ಜಾಸ್ತಿ. ಭಾವನವರಿಗೆ ಇದನ್ನು ಹೇಳಬೇಕು. ಇವತ್ತು ಬೇಡ, ಇವತ್ತು ಅವರ ಮುಖ ನೋಡುವಂತಿಲ್ಲ.

ನೆನೆದ ಕಾಯಿಯನ್ನು ಬೇರೆ ಮಾಡಿ ತೆಳ್ಳಗೆ ಹರವಿಸಿದೆ. ಮೀಟರು ಬೆಳಿಗ್ಗೆ 78.

ಏಪ್ರಿಲ್ 8, ಮಂಗಳವಾರ

ನೆನೆದದ್ದರಲ್ಲಿ ಕೆಲವು ಬೂಸಲು ಹಿಡಿದವು, ತೆಗೆದು ಎಸೆದೆವು. ಉಳಿದವು ಕಪ್ಪಾಗುತ್ತಿವೆ. ರುಚಿಗೆ ಏನೂ ಕಡಿಮೆಯಿಲ್ಲ, ಸಕ್ಕರೆಯೂ ಅಷ್ಟೇ ಇದೆ. ಆದರೆ ಬಣ್ಣ ಹೋದ ಮಣೂಕಕ್ಕೆ ತಾಸಗಾಂವದಲ್ಲಾಗಲಿ ಸಾಂಗ್ಲಿಯಲ್ಲಾಗಲಿ ನಮ್ಮ ವಿಜಯಪುರದ ಮಾರುಕಟ್ಟೆಯಲ್ಲಾಗಲಿ ಬೆಲೆಯಿಲ್ಲ. ತಿನ್ನುವವರು ಕಣ್ಣಿನಿಂದ ತಿನ್ನುತ್ತಾರೋ ಏನೋ.

ಏಪ್ರಿಲ್ 11, ಶುಕ್ರವಾರ

ಒಂದು ವಿಚಾರ ತಲೆಯಲ್ಲಿ ಕೊರೆಯುತ್ತಿತ್ತು. ಮೊನ್ನೆ 3ನೇ ತಾರೀಖು ಮಧ್ಯಾಹ್ನ ಶೆಡ್ಡಿನಲ್ಲಿ 33 ಡಿಗ್ರಿ, ತೇವಾಂಶ 65. ಇವತ್ತು 40 ಡಿಗ್ರಿ, ತೇವಾಂಶ 25. ನನ್ನ ಮೈಗೆ ಎರಡೂ ದಿನ ಒಂದೇ ತೆರನ ಹಿಂಸೆ. ಮಗಳಿಗೆ ಅಂಕಿ ಕಳಿಸಿದೆ. ಅವಳು ಲೆಕ್ಕ ಹಾಕಿ ಹೇಳಿದಳು: ನೆರಳಿನಲ್ಲಿ ನಿಂತ ಮನುಷ್ಯನಿಗೆ ಎರಡೂ ಸುಮಾರು 41 ಡಿಗ್ರಿಯಂತೆಯೇ ಅನ್ನಿಸುತ್ತದೆ. ಬಿಸಿ ಮತ್ತು ತೇವಾಂಶ ಕೂಡಿಸಿ ಹೀಗೆ 'ಅನ್ನಿಸುವ ಬಿಸಿ' ತೆಗೆಯುವ ಸೂಚ್ಯಂಕವನ್ನು ನಮ್ಮ ಹವಾಮಾನ ಇಲಾಖೆ 2023ರ ಏಪ್ರಿಲ್‌ನಿಂದ ಪ್ರಾಯೋಗಿಕವಾಗಿ ಕೊಡುತ್ತಿದೆಯಂತೆ.

ಆದರೆ ದ್ರಾಕ್ಷಿಯ ಲೆಕ್ಕ ಬೇರೆ. ಇವತ್ತಿನ ಗಾಳಿ ಇನ್ನೂ ಎಷ್ಟು ನೀರು ಹೀರಬಲ್ಲದು ಅಂತ ನೋಡಿದರೆ ಅದು 3ನೇ ತಾರೀಖಿನ ಗಾಳಿಯ ಮೂರು ಪಟ್ಟು. ಅಂದರೆ ನಾನು ಎರಡೂ ದಿನ ಒಂದೇ ರೀತಿ ಬೆಂದರೂ ಕಾಯಿ ಇವತ್ತು ಒಣಗಿದ ಮೂರನೇ ಒಂದು ಪಾಲು ಮಾತ್ರ ಅವತ್ತು ಒಣಗಿತು. ಬೆಳಿಗ್ಗೆ 60 ತೋರಿಸುವ ಮೀಟರು ಮಧ್ಯಾಹ್ನ 25ಕ್ಕೆ ಇಳಿದರೆ ಗಾಳಿಯಿಂದ ನೀರು ಎಲ್ಲಿಗೂ ಹೋಗಿರುವುದಿಲ್ಲ. 25 ಡಿಗ್ರಿ ಇದ್ದದ್ದು 40 ಆಯಿತು, ಹಿಡಿಯುವ ಶಕ್ತಿ ಬೆಳೆಯಿತು, ಅಷ್ಟೇ. ಹಾಗಾಗಿ ಬೆಳಗಿನ ಮೀಟರು ನೋಡಿಯೇ ಮಧ್ಯಾಹ್ನದ ಒಣಗು ಹೇಳಬಹುದು. ಬೆಳಿಗ್ಗೆ 70ರ ಮೇಲಿದ್ದರೆ ಅವತ್ತು ಹೊಸ ಕಾಯಿ ಮುಳುಗಿಸಬಾರದು ಅಂತ ಹಲಗೆಯ ಮೇಲೆ ಬಳಪದಲ್ಲಿ ಬರೆದಿಟ್ಟೆ. ಭಾವ ಓದಿ ಏನೂ ಅನ್ನಲಿಲ್ಲ. ಅಳಿಸಲೂ ಇಲ್ಲ.

ಏಪ್ರಿಲ್ 15, ಮಂಗಳವಾರ

ಮುಂಗಾರಿನ ಮುನ್ನೋಟ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ದೀರ್ಘಾವಧಿ ಸರಾಸರಿಯ ಶೇ 105, ಐದು ಹೆಚ್ಚು ಕಡಿಮೆ ಆಗಬಹುದು. ಸರಾಸರಿ ಅಂದರೆ 87 ಸೆಂಟಿಮೀಟರ್. ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವುದೇ ಅರವತ್ತರ ಆಸುಪಾಸು! ಚಿರಾಪುಂಜಿಯನ್ನೂ ನಮ್ಮ ತಿಕೋಟಾವನ್ನೂ ಕೂಡಿಸಿ ಭಾಗಿಸಿದ ಅಂಕಿ ಯಾರ ಹೊಲಕ್ಕೂ ಬೀಳುವುದಿಲ್ಲ.

ಅತ್ತೆ ಮಾತ್ರ ಪಂಚಾಂಗ ಬಿಡರು. ನಿನ್ನೆಗೆ ಅಶ್ವಿನಿ ಮಳೆ ಹೂಡಿತು, ಮುಂದೆ ಭರಣಿ. "ಭರಣಿ ಮಳಿ ಆದ್ರ ಧರಣಿ ಎಲ್ಲಾ ಬೆಳಿ" ಅಂತ ಹೇಳಿ ನನ್ನ ಮುಖ ನೋಡಿದರು. ಜೋಳದವರ ಗಾದೆ ಅದು, ಮಣೂಕದವರದಲ್ಲ ಅಂದೆ. ನಕ್ಕರು. ಅವರು ಈ ಮನೆಗೆ ಬಂದಾಗ ಇಲ್ಲಿ ಬಿಳಿಜೋಳ, ಕುಸುಬಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಅಡ್ಡಮಳೆ ಅಂದರೆ ಅವರಿಗೆ ಹೊಲ ಹರಗಲು ಬಂದ ಅದೃಷ್ಟ.

ಏಪ್ರಿಲ್ 22, ಮಂಗಳವಾರ

41 ದಾಟಿತು. ಸರಕಾರಿ ಕಚೇರಿಗಳಿಗೆ ಬೇಸಿಗೆಯ ವೇಳೆ: ಬೆಳಿಗ್ಗೆ ಎಂಟರಿಂದ ಒಂದೂವರೆ. ಕಲಬುರಗಿ ವಿಭಾಗಕ್ಕೂ ನಮ್ಮ ವಿಜಯಪುರ, ಬಾಗಲಕೋಟೆಗೂ ಪ್ರತಿ ವರ್ಷದ ಪದ್ಧತಿ. ಸಾತ್‌ಬಾರಾ... ಅಲ್ಲ, ಹೊಲದ ಉತಾರ ತರಲು ಹೋದ ಮನೆಯವರು ಹನ್ನೆರಡಕ್ಕೆಲ್ಲ ಬಂದರು. ಗಡಿಯಾಚೆಯ ಮಂದಿಯೊಡನೆ ವ್ಯಾಪಾರ ಮಾಡಿ ಮಾಡಿ ನನ್ನ ಬಾಯಿಗೆ ಮರಾಠಿ ಮೊದಲು ಬರುತ್ತದೆ.

ಕೂಲಿಯ ಹೆಣ್ಣುಮಕ್ಕಳಿಗೆ ವೇಳೆ ಬದಲಿಸುವವರು ಯಾರು? ನಾವೇ. ಆರರಿಂದ ಹನ್ನೊಂದು, ಮತ್ತೆ ನಾಲ್ಕರಿಂದ ಆರೂವರೆ. ಜೋಳದ ಅಂಬಲಿ, ಮಜ್ಜಿಗೆ ನಮ್ಮ ಕಡೆಯಿಂದ. ಒಬ್ಬಾಕೆ ಸೆರಗಿನಲ್ಲಿ ಉಳ್ಳಾಗಡ್ಡಿ ಕಟ್ಟಿಕೊಂಡು ಬರುತ್ತಾಳೆ, ಬಿಸಿಲು ಬಡಿಯುವುದಿಲ್ಲವಂತೆ. ಇರಲಿ, ಅದರ ಜೊತೆಗೆ ನೀರೂ ಕುಡಿ ಅಂದೆ.

ಪೇಪರಿನಲ್ಲಿ ಬಿಸಿಗಾಳಿ ಅಂತ ಇಲ್ಲ. ಯಾಕೆಂದು ನಿಯಮ ತೆಗೆದು ನೋಡಿದೆ. ಬಯಲಿನ ಊರಿಗೆ 40 ಮುಟ್ಟಬೇಕು, ಅದರ ಮೇಲೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ಸೀದಾ 45 ಮುಟ್ಟಬೇಕು. ನಮ್ಮಲ್ಲಿ ಈ ಹೊತ್ತಿನ ವಾಡಿಕೆಯೇ 39ರ ಹತ್ತಿರ. ಅಂದರೆ 43 ಆದರೂ ಕಾಗದದ ಮೇಲೆ ಅದು ಬಿಸಿಗಾಳಿಯಲ್ಲ. ಕರಾವಳಿಗೆ ಮಿತಿ 37. ಈ ವರ್ಷ ಫೆಬ್ರುವರಿ ಕೊನೆಗೇ ದಕ್ಷಿಣ ಕನ್ನಡ, ಉತ್ತರ ಕನ್ನಡಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿದ್ದರು, ಆಗ ನಮ್ಮ ಮಂದಿ ನಕ್ಕಿದ್ದರು. ನಗಬಾರದಿತ್ತು. ಆ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣ್ಣಗಾಗುವ ದಾರಿಯೇ ಕಟ್ಟಿಹೋಗುತ್ತದೆ. ನೆರಳಿನಲ್ಲಿ ಫ್ಯಾನಿನ ಕೆಳಗೆ ಕೂತರೂ ಮನುಷ್ಯನ ಮೈ ತಡೆಯದ ಒಂದು ಮಿತಿಯಿದೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ 35 ಡಿಗ್ರಿ ಅಂತ 2010ರಲ್ಲಿ ಇಬ್ಬರು ವಿಜ್ಞಾನಿಗಳು ಬರೆದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹರೆಯದ ಗಟ್ಟಿ ಆಳುಗಳ ಮೇಲೆ ಪರೀಕ್ಷಿಸಿದರೆ ಅದು 31ರ ಹತ್ತಿರವೇ ಇತ್ತು. ಕೆಲಸ ಮಾಡುವ ಮುದುಕಿಗೆ ಇನ್ನೆಷ್ಟು ಕಡಿಮೆಯೋ.

ರಾತ್ರಿ ಹನ್ನೆರಡಕ್ಕೂ ಗೋಡೆ ಬಿಸಿ. ಮಾಳಿಗೆಯ ಮೇಲೆ ನೀರು ಚಿಮುಕಿಸಿ ಮಲಗಿದೆವು. ಹಗಲಿನ ಬಿಸಿಯನ್ನು ಎಲ್ಲರೂ ಬರೆಯುತ್ತಾರೆ, ರಾತ್ರಿ ಇಳಿಯದ ಬಿಸಿಯನ್ನು ಬರೆಯುವುದಿಲ್ಲ. ದಣಿದ ಮೈಗೆ ವಿಶ್ರಾಂತಿ ತಪ್ಪಿಸುವುದು ಅದು.

ಏಪ್ರಿಲ್ 26, ಶನಿವಾರ

ಶೆಡ್ಡು ಖಾಲಿ. ಜಾಲರಿ ಅಲುಗಿಸಿ ಇಳಿಸಿದೆವು, ಕಡ್ಡಿ ತೆಗೆದು ಗಾತ್ರದ ಪ್ರಕಾರ ಬೇರ್ಪಡಿಸಿ ಬಾಕ್ಸು ಕಟ್ಟಿ ಕೋಲ್ಡ್ ಸ್ಟೋರೇಜಿಗೆ ಕಳಿಸಿದೆವು. ಹಸಿರು ಬಂದದ್ದು ಚೆನ್ನಾಗಿದೆ. ಕಪ್ಪು ಬೇರೆ ಲಾಟು.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಎತ್ತುಗಳಿಗೆ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದ್ದರು. ಮೆರವಣಿಗೆ ಹೊರಟು ಅಗಸಿ ದಾಟುವಷ್ಟರಲ್ಲಿ ಗುಡುಗು. ಮಿಂಚು ಕಂಡು ಹತ್ತು ಎಣಿಸುವಷ್ಟರಲ್ಲಿ ಸದ್ದು ಬಂತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂದರೆ ಮೂರೂವರೆ ಕಿಲೋಮೀಟರ್ ಕೂಡ ದೂರವಿಲ್ಲ. ಎಲ್ಲರನ್ನೂ ಗುಡಿಯ ಕಲ್ಲಿನ ಮಂಟಪಕ್ಕೆ ಸೇರಿಸಿದೆವು. ಹುಡುಗರು ಬೇವಿನ ಮರದ ಬುಡಕ್ಕೆ ಓಡಿದ್ದರು, ಬೈದು ಕರೆದೆ.

ಸಿಡಿಲಿನ ಬಗ್ಗೆ ನನ್ನ ಭಯ ಊರವರಿಗೆ ತಮಾಷೆ. ಆದರೆ ಅಂಕಿ ನೋಡಿ: 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಕ್ಕೆ ಸತ್ತವರು 8,060, ಅದರಲ್ಲಿ ಸಿಡಿಲಿಗೇ 2,887. ಬಿಸಿಲು ಬಡಿದು ಸತ್ತವರೆಂದು ದಾಖಲಾದವರು 730. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕ ಇದು. ಬಿಸಿಲಿನ ಸಾವು ಬೇರೆ ಬೇರೆ ಕಾಯಿಲೆಯ ಹೆಸರಿನಲ್ಲಿ ಮುಚ್ಚಿಹೋಗುತ್ತದೆ ಅಂತ ಗೊತ್ತು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 46.8 ಆದಾಗ, ಅದರ ಹಿಂದಿನ, ಮುಂದಿನ ವರ್ಷಗಳಿಗೆ ಹೋಲಿಸಿ ನೋಡಿದ ಮೇಲೆ 1,344 ಸಾವು ಹೆಚ್ಚಿದ್ದವೆಂದು ಆಮೇಲೆ ತಿಳಿಯಿತು. 2013ರಲ್ಲಿ ಆ ಊರು ಬಿಸಿಲಿಗೆಂದೇ ಯೋಜನೆ ಮಾಡಿಕೊಂಡಿತು. ಸಿಡಿಲಿನ ಸಾವು ಹಾಗಲ್ಲ. ಹೊಲದಲ್ಲಿ ಬಿದ್ದ ಹೆಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೂ ಅದರ ಸುದ್ದಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು.

ದ್ರಾಕ್ಷಿಯವರಿಗೆ ಇನ್ನೊಂದು ಅಪಾಯ, ಯಾರೂ ಹೇಳುವುದಿಲ್ಲ. ನಮ್ಮ ಚಪ್ಪರವೆಲ್ಲ ಕಬ್ಬಿಣದ ಆ್ಯಂಗಲ್ಲು, ತಂತಿ. ಒಂದು ತುದಿಗೆ ಸಿಡಿಲು ಬಡಿದರೆ ಇನ್ನೊಂದು ತುದಿಯಲ್ಲಿ ಕತ್ತರಿ ಹಿಡಿದು ನಿಂತವಳಿಗೂ ತಂತಿಯ ಮೇಲೇ ಬರುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಾಟು ಬಿಟ್ಟು ಬರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಒಳಗೆ ಕಾಲಿಡಬಾರದು. ಕೂಲಿ ಕಡಿಯುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಕೂಲಿ ಕಡಿದರೆ ಯಾರೂ ಬರುವುದಿಲ್ಲ, ಅದು ನನಗೆ ಗೊತ್ತು. ಮುಕಾದಮನ ಫೋನಿಗೆ ರಾಜ್ಯದವರ 'ಸಿಡಿಲು' ಆ್ಯಪ್ ಹಾಕಿಸಿದ್ದೇನೆ, ನನ್ನದರಲ್ಲಿ ಪುಣೆಯವರ 'ದಾಮಿನಿ' ಇದೆ. ಎರಡೂ ಹತ್ತಿರದ ಮಿಂಚನ್ನು ತೋರಿಸುತ್ತವೆ.

ಮೇ 3, ಶನಿವಾರ

ಹಿಂದಿನ ಪ್ಲಾಟಿಗೆ ಬೇಸಿಗೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಯಿತು. ಮುಂದಿನ ಪ್ಲಾಟಿಗೆ ಏಪ್ರಿಲ್ ಮೊದಲ ವಾರವೇ ಆಗಿತ್ತು, ಚಿಗುರು ಮೊಳದಷ್ಟಾಗಿದೆ.

ಹೊರಗಿನವರು ಶೆಡ್ಡು ಖಾಲಿಯಾದರೆ ನಮ್ಮ ಚಿಂತೆ ಮುಗಿಯಿತು ಅಂದುಕೊಳ್ಳುತ್ತಾರೆ. ಚಾಟ್ನಿಯಾದ ನಲವತ್ತರಿಂದ ಅರವತ್ತು ದಿನದ ಒಳಗೆ ಕಡ್ಡಿಯ ಕಣ್ಣಿನಲ್ಲಿ ಮುಂದಿನ ಗೊಂಚಲು ಹುಟ್ಟಿಕೊಳ್ಳಬೇಕು. ಹುಟ್ಟಲು ಬಿಸಿಲು ಬೇಕು, ಬೆಳಕು ಬೇಕು. ಮೋಡ ಕವಿದು ಮಳೆ ಹಿಡಿದರೆ ಅದೇ ಕಣ್ಣು ಗೊಂಚಲು ಬಿಟ್ಟು ಬರೀ ಬಳ್ಳಿಯಾಗುತ್ತದೆ. ಅಕ್ಟೋಬರ್ ಚಾಟ್ನಿಯ ಮೇಲಷ್ಟೇ ಅದು ಕಣ್ಣಿಗೆ ಬೀಳುವುದು. ಮೇ ತಿಂಗಳ ಆಕಾಶ ನಮಗೆ ನವೆಂಬರಿನಲ್ಲಿ ಲೆಕ್ಕ ಒಪ್ಪಿಸುತ್ತದೆ.

ಆದ್ದರಿಂದ ಮುನ್ನೋಟದಲ್ಲಿ ಹೇಳಿದ ಹೆಚ್ಚು ಬಿಸಿ ಈಗ ಬರಲಿ ಅಂತ ನಾನೂ ಬಯಸುತ್ತಿದ್ದೇನೆ. ಭಾವನ ಮಾತು ಎರಡನೇ ಸುತ್ತಿನಲ್ಲಿ ಸರಿಯಾಗುತ್ತಿದೆ.

ಮೇ 13, ಮಂಗಳವಾರ

ಮುಂಗಾರು ಅಂಡಮಾನಿನ ದಕ್ಷಿಣ ಸಮುದ್ರಕ್ಕೂ ನಿಕೋಬಾರಿಗೂ ಬಂತು. ಕೇರಳಕ್ಕೆ 27ಕ್ಕೆ ಬರಬಹುದು, ನಾಲ್ಕು ದಿನ ಆಚೆ ಈಚೆ ಅಂತ ಇಲಾಖೆಯವರು ಮೊನ್ನೆ 10ಕ್ಕೆ ಹೇಳಿದ್ದರು. ವಾಡಿಕೆ ಜೂನ್ 1.

ಇಲ್ಲಿ ದಿನ ಬಿಟ್ಟು ದಿನ ಸಂಜೆ ಮೋಡ. ಈ ತಿಂಗಳುಗಳ ಬುಲೆಟಿನ್ನಿನಲ್ಲಿ ಪದೇ ಪದೇ ಒಂದು ಸಾಲು ಬರುತ್ತದೆ: ಮಹಾರಾಷ್ಟ್ರದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ದಕ್ಷಿಣಕ್ಕೆ ಗಾಳಿಯ ಒಂದು ಗೆರೆ. ಆ ಗೆರೆಯ ಪಶ್ಚಿಮಕ್ಕೆ ಒಂದು ದಿಕ್ಕಿನ ಗಾಳಿ, ಪೂರ್ವಕ್ಕೆ ಇನ್ನೊಂದು. ಬಂಗಾಳ ಕೊಲ್ಲಿಯ ಹಸಿ ಗಾಳಿಯೂ ವಾಯವ್ಯದ ಒಣ ಗಾಳಿಯೂ ಎದುರಾಗುವ ಜಾಗ ಅದು. ಎದುರಾದವು ಮೇಲೆ ಹೋಗದೆ ದಾರಿಯಿಲ್ಲ. ಗೆರೆ ಐವತ್ತು ಕಿಲೋಮೀಟರ್ ಸರಿದರೂ ಸಾಕು, ಇಂಡಿಯಲ್ಲಿ ಆಲಿಕಲ್ಲು, ತಿಕೋಟಾದಲ್ಲಿ ಬರೀ ಧೂಳು. ಇಲ್ಲವೇ ಅದು ತಿರುವುಮುರುವು. ಮೂರು ತಿಂಗಳ ಮುನ್ನೋಟ ಈ ಗೆರೆಯನ್ನು ಹಿಡಿಯಲಾರದು. ಮೂರು ತಾಸಿಗೊಮ್ಮೆ ಬರುವ ಎಚ್ಚರಿಕೆ ಮಾತ್ರ ಹಿಡಿಯಬಲ್ಲದು, ಅದೂ ಮೋಡ ಎದ್ದ ಮೇಲೆ.

ಮೇ 20, ಮಂಗಳವಾರ

ಮಳೆ. ನಿನ್ನೆ ಬೆಂಗಳೂರು ಮುಳುಗಿತಂತೆ, ಟಿವಿ ತುಂಬ ಅದೇ. ಇಲ್ಲಿ ನಮ್ಮ ಪ್ಲಾಟೂ ಕೆಸರು, ಟ್ರ್ಯಾಕ್ಟರ್ ಒಳಗೆ ಹೋಗುತ್ತಿಲ್ಲ. ಎಲೆಯ ಅಡಿ ಬಿಳಿ ಬೂಷ್ಟು ಕಂಡಿತು: ಡೌನಿ ರೋಗ. ಬೆನ್ನ ಮೇಲೆ ಪಂಪು ಹೊತ್ತು ಹೊಡೆಸಿದೆ.

ಮೇ 24, ಶನಿವಾರ

ಮುಂಗಾರು ಕೇರಳಕ್ಕೆ ಬಂದೇಬಿಟ್ಟಿತು. ಹೇಳಿದ್ದಕ್ಕಿಂತ ಮೂರು ದಿನ ಮೊದಲು, ಆದರೆ ಹೇಳಿದ ಅಂತರದ ಒಳಗೇ. 2009ರಲ್ಲಿ 23ಕ್ಕೆ ಬಂದ ಮೇಲೆ ಇಷ್ಟು ಬೇಗ ಬಂದದ್ದು ಇದೇ. ಕೊಂಕಣ ಕರಾವಳಿಯ ಎದುರು ಎದ್ದ ವಾಯುಭಾರ ಕುಸಿತ ಅದನ್ನು ಎಳೆದುಕೊಂಡು ಬಂದಂತಿದೆ. ರೋಹಿಣಿ ಹೂಡುವುದು ನಾಳೆ. ಅತ್ತೆ ಇವತ್ತೇ ಬಿತ್ತನೆ ಬೀಜದ ಮಾತು ತೆಗೆದರು. "ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ" ಅಂತ ಹಾಡಿದಂತೆ ಹೇಳಿದರು. ಅವರ ಸಂತೋಷಕ್ಕೆ ನಾನು ಅಡ್ಡ ಬರಲಿಲ್ಲ.

ಮೇ 27, ಮಂಗಳವಾರ

ಮುಂಬೈಗೆ ನಿನ್ನೆಯೇ ಮುಂಗಾರು. 1950ರಿಂದ ಇಟ್ಟ ದಾಖಲೆಯಲ್ಲಿ ಇಷ್ಟು ಬೇಗ ಬಂದದ್ದಿಲ್ಲವಂತೆ. ನಮ್ಮಲ್ಲಿ ಬಿಸಿಲು ಕಂಡು ನಾಲ್ಕೈದು ದಿನವಾಯಿತು. ಮುಂದಿನ ಪ್ಲಾಟಿನ ಕಣ್ಣು ಹುಟ್ಟುವ ದಿನಗಳು ಇವೇ. ನೀರು ಪೂರ್ತಿ ಬಂದ್ ಮಾಡಿದ್ದೇನೆ, ಸಾರಜನಕ ಕೊಡುವುದನ್ನು ನಿಲ್ಲಿಸಿ ಚಿಗುರು ಚಿವುಟಿಸುತ್ತಿದ್ದೇನೆ. ಒಳಗೆ ಬೆಳಕು ಬೀಳಲಿ ಅಂತ. ಇರುವ ಬೆಳಕೇ ಇಷ್ಟು.

ಜೂನ್ 4, ಬುಧವಾರ

ಮೇ ತಿಂಗಳ ಲೆಕ್ಕ ಬಂದಿದೆ. ರಾಜ್ಯದ ವಾಡಿಕೆ 74 ಮಿಲಿಮೀಟರ್, ಬಿದ್ದದ್ದು 219. 125 ವರ್ಷದಲ್ಲಿ ಇಷ್ಟು ಬಿದ್ದಿರಲಿಲ್ಲ. ಇಡೀ ದೇಶಕ್ಕೂ 1901ರ ಮೇಲೆ ಇದೇ ಅತಿ ಮಳೆಯ ಮೇ.

ಭಾವ ಮಾರ್ಚ್ 31ರ ಸುದ್ದಿ ನೆನೆದು "ಬಿಸಿಗಾಳಿ ಅಂದಿದ್ರು, ಎಲ್ಲೈತವಾ ನಿಂದು ಬಿಸಿಗಾಳಿ?" ಅಂತ ಕೇಳಿದರು. ಇಲಾಖೆಯವರು ಸುಳ್ಳು ಹೇಳಿದರು ಅಂತ ನಾನು ಒಪ್ಪುವುದಿಲ್ಲ. ಅವರು ಹೇಳಿದ್ದು ಮೂರು ತಿಂಗಳಿಗೆ, ದೇಶದ ಬಹುಪಾಲಿಗೆ, ಹೆಚ್ಚಿನ ಸಂಭವ ಅಂತ. ನಾವು ಕೇಳಿಸಿಕೊಂಡದ್ದು ನಮ್ಮ ಶೆಡ್ಡಿಗೆ, ನಮ್ಮ ಹದಿನೈದು ದಿನಕ್ಕೆ, ಖಚಿತ ಅಂತ. ಟಿವಿಯವರ ಬೆಂಕಿ ನಕಾಶೆ ಅದಕ್ಕೆ ಗಾಳಿ ಹಾಕಿತು. ಬೇಸಿಗೆಯ ಮುನ್ನೋಟದಿಂದ ಬೋರಿನ ನೀರು ಎಷ್ಟು ದಿನ, ಆಳುಗಳ ವೇಳೆ ಯಾವಾಗ ಬದಲಿಸಬೇಕು ಅಂತ ಯೋಚಿಸಬಹುದು. ತಾಡಪತ್ರಿ ಯಾವಾಗ ಕಟ್ಟಬೇಕೆಂದು ಅದನ್ನು ಕೇಳಬಾರದು.

ಇಲಾಖೆಯ ಮೇಲೆ ನನ್ನ ತಕರಾರು ಒಂದೇ, ತೇವಾಂಶ. ಟಿವಿಯಲ್ಲೂ ಪೇಪರಿನಲ್ಲೂ ಪಂಚಾಯತಿ ಫಲಕದಲ್ಲೂ ಕಾಣುವುದು ಗರಿಷ್ಠ ಉಷ್ಣಾಂಶವೊಂದೇ. ತೇವಾಂಶದ ಅಂಕಿ ಎಲ್ಲೋ ಕೋಷ್ಟಕದ ಮೂಲೆಯಲ್ಲಿರುತ್ತದೆ. ಮಣೂಕ ಒಣಗಿಸುವವಳಿಗೂ ಬೇಕಾದದ್ದು ಅದು, ಕರಾವಳಿಯಲ್ಲಿ ಮೀನು ಒಣಗಿಸುವವಳಿಗೂ ಅದೇ, ಹನ್ನೆರಡು ಗಂಟೆಗೆ ಸ್ಲ್ಯಾಬು ಹಾಕುವ ಗೌಂಡಿಗೂ ಅದೇ. ತೋಟಗಾರಿಕೆ ಇಲಾಖೆಗೆ ಒಂದು ಅರ್ಜಿ ಬರೆದಿದ್ದೇನೆ: ಫೆಬ್ರುವರಿಯಿಂದ ಮೇವರೆಗೆ ದಿನಾ ಬೆಳಗಿನ ತೇವಾಂಶವನ್ನು ಪಂಚಾಯತಿ ಫಲಕದ ಮೇಲೆ ಬಿಸಿಯ ಪಕ್ಕ ಬರೆಸಬೇಕು, ದ್ರಾಕ್ಷಿ ಬೆಳೆಗಾರರ ಫೋನಿಗೂ ಕಳಿಸಬೇಕು. ಸುತ್ತಲಿನ ಶೆಡ್ಡಿನವರ ಸಹಿ ಹಾಕಿಸುವುದು ಈ ವಾರದ ಕೆಲಸ.

ಹಿಂದಿನ ಪ್ಲಾಟಿನ ಅಕ್ಟೋಬರ್ ಚಾಟ್ನಿಯನ್ನು ಹದಿನೈದು ದಿನ ಮುಂಚೆ ಮಾಡಿದರೆ ಕೊನೆಯ ಕೊಯ್ಲು ಮಾರ್ಚ್ ಮಧ್ಯಕ್ಕೇ ಮುಗಿದು ಏಪ್ರಿಲ್ ಮಳೆಯ ಮುಂಚೆ ಶೆಡ್ಡು ಖಾಲಿಯಾಗುತ್ತದೆ ಅಂದೆ. "ಸೆಪ್ಟೆಂಬರ್ ಮಳಿಗೆ ಯಾರು ಜಾಮೀನು?" ಅಂದರು ಭಾವ. ಆ ಪ್ರಶ್ನೆ ನ್ಯಾಯವಾದದ್ದೇ, ಆ ಮಳೆಗೆ ಎಳೆ ಗೊಂಚಲೇ ಹಾಳಾದರೆ ಒಣಗಿಸಲು ಕಾಯಿಯೇ ಇರುವುದಿಲ್ಲ. ಅರ್ಧ ಪ್ಲಾಟು ಮುಂಚೆ, ಅರ್ಧ ಮಾಮೂಲಿನಂತೆ ಅಂತ ತೀರ್ಮಾನವಾಯಿತು. ಹೊಸ ತಾಡಪತ್ರಿಗೆ ಮಾತ್ರ ಈಗಲೇ ಹೇಳಿಟ್ಟಿದ್ದೇವೆ, ಪಶ್ಚಿಮದ ಬದಿಗೆ ಎರಡು ಪದರ.